ಒಂದು ಪಾಳಿಗೆ ಒಂದೇ ತೂಬು

ಯಾದಗಿರಿ
12 ಜೂನ್ 2001

ಅಪ್ಪಾ,

ನೀನು ಸುರಪುರದ ಡಾಕ್ಟರಮ್ಮನ ಹತ್ತಿರ ಹೋಗಿದ್ದು, ರಕ್ತ ಕೊಟ್ಟಿದ್ದು, ಥೈರಾಯ್ಡ್ ಅಂತ ಗೊತ್ತಾಗಿದ್ದು, ಇಷ್ಟೂ ಸುದ್ದಿ ನನಗೆ ಸಿಕ್ಕಿದ್ದು ಕಂಡಕ್ಟರ್ ಚನ್ನಯ್ಯನಿಂದ. ಕಕ್ಕೇರಾ ಬಸ್ಸಿನಲ್ಲಿ ನಿನ್ನ ಪಕ್ಕ ಕೂತವರಿಗೆಲ್ಲ ಗೊತ್ತು, ಸ್ವಂತ ಮಗಳಿಗೆ ಗೊತ್ತಿಲ್ಲ. ಇರಲಿ, ಈ ಜಗಳ ಊರಿಗೆ ಬಂದಾಗ ಮಾಡುತ್ತೇನೆ.

ಚನ್ನಯ್ಯ ಹೇಳಿದ, "ನಿಮ್ಮಪ್ಪಗ ಗಂಟಲದಾಗಿನ ಯಾವುದೋ ಗ್ರಂಥಿ ಕೆಲಸ ಕಮ್ಮಿ ಮಾಡಾಕತ್ತೈತಂತವ್ವ. ದಿನಾ ಒಂದು ಗುಳಿಗಿ ನುಂಗಬೇಕಂತ, ಸಾಯೂತನ." ಸಾಯುವ ತನಕ ಗುಳಿಗೆಯಂತೆ! ಐವತ್ನಾಲ್ಕು ವರ್ಷ ಒಂದು ಜ್ವರದ ಗುಳಿಗೆಯನ್ನೂ ನೆಟ್ಟಗೆ ನುಂಗದವನು ನೀನು. ನನಗೆ ಅಳು ಬಂತು.

ಆದರೆ ಅಪ್ಪಾ, ದಾರಿ ಇದೆ. ಶಾಲೆಯ ಆಫೀಸಿನಲ್ಲಿ ಹಾಜರಿ ಪಟ್ಟಿ ಬರೆದು ಬೇಸತ್ತಿದ್ದ ನಾನು ಹೋದ ತಿಂಗಳು ಒಂದು ಪೌಷ್ಟಿಕ ಆಹಾರದ ಕಂಪನಿಗೆ ಏಜೆಂಟ್ ಆಗಿದ್ದೇನೆ. ಮೀಟಿಂಗಿನಲ್ಲಿ ಟೈ ಕಟ್ಟಿಕೊಂಡು ಬಂದವರು ಥೈರಾಯ್ಡ್ ಬಗ್ಗೆಯೇ ಅರ್ಧ ಗಂಟೆ ಹೇಳಿದರು. ದೇಹಕ್ಕೆ ಬೇಕಾದ್ದನ್ನು ಕೊಟ್ಟರೆ ಗ್ರಂಥಿ ತಾನೇ ಎದ್ದು ಕೆಲಸಕ್ಕೆ ಹೋಗುತ್ತದಂತೆ. ಚನ್ನಯ್ಯನ ಕೈಯಲ್ಲಿ ಮೂರು ಡಬ್ಬಿ ಕಳಿಸಿದ್ದೇನೆ: ಸಮುದ್ರದ ಪಾಚಿಯ ಕ್ಯಾಪ್ಸೂಲು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಸೇರಿದ ಗುಳಿಗೆ, ಹಾಲಿಗೆ ಹಾಕುವ ಪುಡಿ. ಮೂರು ತಿಂಗಳು ಡಾಕ್ಟರ ಗುಳಿಗೆ ಪಕ್ಕಕ್ಕಿಟ್ಟು ಇವನ್ನು ತಗೊ. ನನಗೋಸ್ಕರ ತಗೊ.

ಅವ್ವನಿಗೆ ಹೇಳು, ಪುಡಿ ಸಿಹಿಯಾಗಿದೆ ಅಂತ ಅವಳೇ ಖಾಲಿ ಮಾಡಬಾರದು.

ನಿನ್ನ ಮಗಳು
ಮಲ್ಲಿಕಮ್ಮ


ಕಕ್ಕೇರಾ, ಕಾಲುವೆ ಗೇಟು
24 ಜೂನ್ 2001

ಮಲ್ಲಿಗೆ ಅಪ್ಪನ ಆಶೀರ್ವಾದ.

ಬೆಳಿಗ್ಗೆ ಎಂಟು ಗಂಟೆ. ಕಾಲುವೆಯಲ್ಲಿ ನೀರಿಲ್ಲ. ಗೇಟಿನ ತಿರುಪಿಗೆ ಗ್ರೀಸ್ ಹಚ್ಚಿ ಕೈ ಒರೆಸಿಕೊಂಡು ಬರೆಯುತ್ತಿದ್ದೇನೆ, ಕಾಗದಕ್ಕೆ ಮೆತ್ತಿದ್ದರೆ ಬೈಯಬೇಡ.

ಡಬ್ಬಿ ಬಂದವು. ನಿಮ್ಮವ್ವ ಮೂರನ್ನೂ ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. "ಮಗಳು ಕಳಿಸ್ಯಾಳ, ಚಲೋದs ಇರತೈತಿ" ಅಂದಳು. ಡಾಕ್ಟರಮ್ಮ ಕೊಟ್ಟ ಗುಳಿಗೆಯನ್ನು ಎಂಟು ದಿನ ನುಂಗಿದ್ದೆ, ಈಗ ನಿಲ್ಲಿಸಿದ್ದೇನೆ. ನಿನ್ನ ಮಾತಿಗೆ.

ನಿನಗೆ ಹೇಳದೆ ಇದ್ದದ್ದು ತಪ್ಪು. ಹೇಳಲು ನಾಚಿಕೆಯಾಯಿತು. ಮೇ ತಿಂಗಳ ಬಿಸಿಲಲ್ಲಿ ನಾನು ಸ್ವೆಟರ್ ಹಾಕಿಕೊಂಡು ಗೇಟಿನ ಮೇಲೆ ಕೂತಿದ್ದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಮುಖ ಊದಿಕೊಂಡಿದೆ, ಕೂತಲ್ಲೇ ನಿದ್ದೆ. ಅದೆಲ್ಲ ತಡೆದುಕೊಳ್ಳಬಹುದು ಮಗಳೇ, ಧ್ವನಿ ಹೋಗಿದ್ದನ್ನು ತಡೆಯಲಾಗುತ್ತಿಲ್ಲ. ಕಾಲುವೆಗೆ ನೀರು ಬಂದ ವರ್ಷದಿಂದ ಈ ಗೇಟು ಕಾಯ್ದು ನೀರು ಬಿಡುವ ಲಸ್ಕರ್ ನಾನು. ಪಾಳಿ ಬದಲಿಸುವಾಗ ಗೇಟಿನ ಮೇಲೆ ನಿಂತು "ಬಿಟ್ಟೇನ್ರೋ" ಅಂತ ಕೂಗುವವನು ನಾನು. ನನ್ನ ಕೂಗು ಮೊದಲ ಹೊಲದವನಿಗೆ, ಅವನದು ಮುಂದಿನವನಿಗೆ, ಹಾಗೆ ಎರಡು ಮೈಲಿ ದಾಟಿ ಕಾಲುವೆಯ ಬಾಲದಲ್ಲಿರುವ ಖಾಸಿಂಬೀಯ ಮೆಣಸಿನಕಾಯಿ ಹೊಲಕ್ಕೆ ಹೋಗಬೇಕು. ನೀರು ಬಂದ ಮೇಲೆ ಅವಳು "ಮುಟ್ಟೇತ್ರೋ" ಅಂತ ತಿರುಗಿ ಕೂಗಿದರೆ ಅವತ್ತಿನ ನನ್ನ ಊಟ ರುಚಿ. ಈಗ ನನ್ನ ಕೂಗು ಮೊದಲ ಹೊಲದ ಬದುವನ್ನೂ ದಾಟುವುದಿಲ್ಲ.

ಜುಲೈ ನಡುವೆ ನೀರು ಬಿಡುತ್ತಾರೆ. ಅಷ್ಟರಲ್ಲಿ ನಿನ್ನ ಡಬ್ಬಿ ಕೆಲಸ ಮಾಡಲಿ.

ಇಂತು
ಬಸವಂತ್ರಾಯ


ಯಾದಗಿರಿ
30 ಜುಲೈ 2001

ಅಪ್ಪಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಈಗ ಹೇಗಿದ್ದೀ? ಮುಖದ ಊತ ಇಳಿಯಿತೇ? ಕೂಗು ಎಷ್ಟು ಹೊಲ ದಾಟಿತು?

ನಾನಂತೂ ಹಾರಾಡುತ್ತಿದ್ದೇನೆ. ಯಾರ ಮನೆಗೆ ಹೋದರೂ ನಿನ್ನ ಕಥೆಯನ್ನೇ ಹೇಳುತ್ತೇನೆ. "ನಮ್ಮಪ್ಪಗೇ ಕೊಟ್ಟೀನ್ರಿ, ಬ್ಯಾರೆಯವರ ಮಾತ್ಯಾಕ" ಅಂದ ಕೂಡಲೇ ಜನ ಕಿವಿ ಕೊಡುತ್ತಾರೆ. ಹನ್ನೊಂದು ಮನೆಯವರು ಡಬ್ಬಿ ತಗೊಂಡಿದ್ದಾರೆ. ಸ್ಟೇಷನ್ ರಸ್ತೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವ ದೇವಿಂದ್ರನ ತಾಯಿಗೂ ನಿನ್ನದೇ ಕಾಯಿಲೆ. ಅವರಿಗೂ ಡಾಕ್ಟರ ಗುಳಿಗೆ ನಿಲ್ಲಿಸಿ ಮೂರೂ ಡಬ್ಬಿ ಶುರು ಮಾಡಿಸಿದೆ.

ಒಂದು ಫೋಟೋ ಕಳಿಸು. ಮುಂದಿನ ಮೀಟಿಂಗಿನಲ್ಲಿ ತೋರಿಸಬೇಕು. ನಗುತ್ತಿರುವುದು ಬೇಕು, ಪಂಚಾಯಿತಿ ಕಟ್ಟೆಯ ಮುಖ ಬೇಡ.

ಮಲ್ಲಿ


ಕಾಲುವೆ ಗೇಟು
19 ಆಗಸ್ಟ್ 2001

ಮಲ್ಲಿಗೆ ಆಶೀರ್ವಾದ.

ಬೆಳಿಗ್ಗೆ ಆರು. ನೀರು ಎರಡು ಅಡಿ.

ನಾನು ಆರಾಮ ಇದ್ದೇನೆ. ಡಬ್ಬಿ ಮುಗಿಯುತ್ತ ಬಂದವು. ಫೋಟೋ ತೆಗೆಸಲು ಶಹಾಪುರಕ್ಕೆ ಹೋಗಬೇಕು, ಪಾಳಿಯ ದಿನಗಳಲ್ಲಿ ಗೇಟು ಬಿಟ್ಟು ಹೋಗುವಂತಿಲ್ಲ. ಆಮೇಲೆ ನೋಡೋಣ.

ಬೇರೆ ವಿಶೇಷವಿಲ್ಲ.

ಬಸವಂತ್ರಾಯ


ಕಕ್ಕೇರಾ
2 ಸೆಪ್ಟೆಂಬರ್ 2001

ಮಲ್ಲಿಕಮ್ಮಾ,

ನಾನು ಅಂಗನವಾಡಿಯ ಮದೀನಾಬೀ. ನಿಮ್ಮವ್ವ ಅಯ್ಯಮ್ಮ ಎದುರಿಗೆ ಕೂತು ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಒಂದಕ್ಷರವನ್ನೂ ತಿದ್ದಬಾರದು ಅಂತ ತಾಕೀತು ಮಾಡಿದ್ದಾರೆ. ಇನ್ನು ಮುಂದಿನದು ಅವರ ಮಾತು.

ಮಲ್ಲೀ, ನಿಮ್ಮಪ್ಪ ಆರಾಮ ಇಲ್ಲ. ಆರಾಮ ಅದೀನಿ ಅಂತ ಬರದಾನಲ್ಲ, ಅದು ಖರೇ ಅಲ್ಲ. ಕಾಲು ಬಾತಾವ. ಒಂದು ರೊಟ್ಟಿ ತಿನ್ನಾಕ ಒಂದು ತಾಸು ಬೇಕು. ಒಂದು ಮಾತು ಕೇಳಿದ್ರ, ನಾ ಪಾತ್ರಿ ತಿಕ್ಕಿ ಬರೂದರಾಗ ಉತ್ತರ ಬರತೈತಿ.

ಹೋದ ಸೋಮವಾರ ಟೇಲೆಂಡಿನವರ, ಕಾಲುವಿ ಬಾಲದಾಗಿನವರ ಪಾಳಿ ಇತ್ತು. ಹನ್ನೆರಡಕ್ಕ ಮ್ಯಾಲಿನ ತೂಬು ಮುಚ್ಚಿ ಕೆಳಗಿನದು ಬಿಡಬೇಕಿತ್ತು. ನಿಮ್ಮಪ್ಪ ಗೇಟಿನ ಕಟ್ಟಿಗೆ ಒರಗಿ ಮಲಗಿಬಿಟ್ಟಾನ. ನಾಕು ಗಂಟೆ ಆಗೇತಿ. ನೀರೆಲ್ಲಾ ಮ್ಯಾಲಿನವರ ಹೊಲದಾಗ ತುಂಬಿ ಹಳ್ಳಕ್ಕ ಹರದೈತಿ. ಖಾಸಿಂಬೀ ಕೂಗು ಕಾದು ಕಾದು ಎರಡು ಮೈಲಿ ನಡಕೊಂಡ ಬಂದಾಳ. ಬಂದಾಕಿ ಬೈಲಿಲ್ಲ ಮಲ್ಲೀ. ಎಬ್ಬಿಸಿ, "ಅಣ್ಣಾ, ನೀ ಹಿಂಗ ಮಲಗೂ ಮನಶ್ಯಾ ಅಲ್ಲ, ನಿನಗ ಏನಾಗೇತಿ?" ಅಂದ್ಳು. ಬೈದಿದ್ರ ಚಲೋ ಇತ್ತು. ನಿಮ್ಮಪ್ಪ ಅತ್ತ. ನಾ ಅವನ್ನ ಮದುವ್ಯಾದಾಗಿಂದ ಅವನು ಅತ್ತದ್ದು ನೋಡಿದ್ದಿಲ್ಲ.

ಬ್ಯಾರೆಯವರು ನಿಮ್ಮಪ್ಪನ ಮ್ಯಾಲೆ ಅರ್ಜಿ ಕೊಟ್ಟಾರ. ಇಂಜಿನಿಯರ್ ಸಾಹೇಬ್ರು ಬಂದು, "ಹಿಂಗಾರಿ ಒಂದು ನೋಡ್ತೀವಿ ಬಸವಂತ್ರಾಯ, ಮತ್ತ ತಪ್ಪಿದ್ರ ಗೇಟು ಬ್ಯಾರೆಯವರಿಗೆ, ನಿನ್ನ ಗೋದಾಮಿನ ಬಾಗಲಾ ಕಾಯಾಕ ಹಾಕ್ತೀವಿ" ಅಂದು ಹೋದ್ರು. ಗೇಟು ಬಿಟ್ಟ ಮ್ಯಾಲೆ ನಿಮ್ಮಪ್ಪ ಏನು ಉಳಿತಾನ ಹೇಳು.

ಡಾಕ್ಟರ ಗುಳಿಗಿ ಮತ್ತ ತಗೋ ಅಂದ್ರ, "ಮಗಳು ಊರ ತುಂಬ ನನ್ನ ಹೆಸರು ಹೇಳ್ಯಾಳ, ಆಕಿ ಮಾತು ಸುಳ್ಳಾಗಬಾರದು" ಅಂತಾನ. ನಾ ಓದಿಲ್ಲ. ಖರೇ ಯಾವುದು, ಸುಳ್ಳ ಯಾವುದು ನೀನs ಹೇಳು. ಲಗೂ ಹೇಳು.

ಅಯ್ಯಮ್ಮನ ಹೆಬ್ಬೆಟ್ಟು ಇದು. ಬರೆದವಳು ಮದೀನಾಬೀ.


ಯಾದಗಿರಿ
5 ಸೆಪ್ಟೆಂಬರ್ 2001

ಅಪ್ಪಾ,

ಅವ್ವ ಎಲ್ಲ ಹೇಳಿಸಿದ್ದಾಳೆ. ಅವಳ ಮೇಲೆ ಸಿಟ್ಟಾಗಬೇಡ.

ಇವತ್ತೇ ಡಾಕ್ಟರ ಗುಳಿಗೆ ಶುರು ಮಾಡು. ಈ ಕಾಗದ ಓದಿ ಮುಗಿಸುವ ಮೊದಲೇ ಗುಳಿಗೆ ಹುಡುಕು. ನನ್ನ ಮಾತು ಸುಳ್ಳಾಗಬಾರದು ಅಂತ ನೀನು ಹೀಗೆ ಒಣಗುತ್ತಿದ್ದರೆ ಆ ಮಾತನ್ನು ತೆಗೆದುಕೊಂಡು ನಾನೇನು ಮಾಡಲಿ?

ಡಬ್ಬಿಗಳನ್ನೂ ಬಿಡಬೇಡ, ಚನ್ನಯ್ಯನ ಕೈಯಲ್ಲಿ ಹೊಸ ಮೂರು ಕಳಿಸಿದ್ದೇನೆ. ಮೇಲಿನ ಏಜೆಂಟರನ್ನು ಕೇಳಿದೆ. ಡಾಕ್ಟರದೂ ಇರಲಿ, ನಮ್ಮದೂ ಇರಲಿ, ಎರಡು ಕಡೆಯಿಂದ ಬಲ ಬರುತ್ತದೆ ಅಂದರು. ನೀನು ಮರೆಯುವವನು. ಅದಕ್ಕೇ ಎಲ್ಲವನ್ನೂ ಒಂದೇ ಹೊತ್ತಿಗೆ ತಗೊ. ಬೆಳಿಗ್ಗೆ ಆರಕ್ಕೆ ಗೇಟು ಎತ್ತುವುದನ್ನು ನೀನು ಮರೆಯುವುದಿಲ್ಲವಲ್ಲ, ಆಗ ಅಂಗೈಯಲ್ಲಿ ಎಲ್ಲ ಗುಳಿಗೆ ಹಾಕಿಕೊಂಡು, ಪುಡಿ ಕಲಸಿದ ಹಾಲಿನಲ್ಲಿ ನುಂಗಿಬಿಡು. ಅವ್ವ ಎದುರಿಗೆ ನಿಂತು ನೋಡಲಿ.

ನನಗೆ ಭಯವಾಗಿದೆ ಅಪ್ಪಾ.

ಮಲ್ಲಿ


ಕಾಲುವೆ ಗೇಟು
30 ಅಕ್ಟೋಬರ್ 2001

ಮಲ್ಲಿಗೆ ಆಶೀರ್ವಾದ.

ಮಧ್ಯಾಹ್ನ ಎರಡು. ನೀರು ಒಂದೂವರೆ ಅಡಿ. ಇದು ದೊಡ್ಡ ಕಾಗದ, ಕೂತು ಓದು.

ನೀನು ಹೇಳಿದಂತೆ ಏಳು ವಾರ ನಡೆದೆ. ಒಂದು ದಿನವೂ ತಪ್ಪಿಲ್ಲ. ಆರಕ್ಕೆ ಗೇಟು ಎತ್ತಿ, ನಿಮ್ಮವ್ವ ತಂದ ಹಾಲಿನಲ್ಲಿ ಎಲ್ಲವನ್ನೂ ಒಂದೇ ಗುಟುಕಿಗೆ ನುಂಗಿದೆ. ನಿಮ್ಮವ್ವ ಬಾಯಿ ತೆರೆಸಿ ನೋಡುತ್ತಿದ್ದಳು, ನಾನೇನು ದನವೋ ಎಂಬಂತೆ. ಹೋದ ವಾರ ಸುರಪುರದಲ್ಲಿ ಮತ್ತೆ ರಕ್ತ ಕೊಟ್ಟೆ. ಥೈರಾಯ್ಡಿನ ಅಂಕಿ ಮೊದಲು ಅರವತ್ತೆಂಟು ಇತ್ತು, ಈಗ ಅರವತ್ತೊಂದು. ಐದರೊಳಗೆ ಇರಬೇಕಂತೆ. ಏಳು ವಾರದ ಗುಳಿಗೆ ಏಳು ಅಂಕಿ ಇಳಿಸಿತ್ತು.

ಡಾಕ್ಟರಮ್ಮ ಗುಳಿಗೆ ಹೆಚ್ಚಿಸಲು ಪೆನ್ನು ತೆಗೆದವರು ಯಾಕೋ ನಿಲ್ಲಿಸಿದರು. "ಹೆಂಗ ತಗೋತೀರಿ? ಬೆಳಿಗ್ಗೆ ಎದ್ದಾಗಿಂದ ಹೇಳ್ರಿ" ಅಂದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಎಲ್ಲ ಡಬ್ಬಿಗಳ ಹೆಸರು ಹೇಳಿದೆ. ನಮ್ಮ ಮಗಳು ಕಳಿಸ್ಯಾಳ್ರಿ ಅಂತಲೂ ಹೇಳಿದೆ. ಅವರು ಪೆನ್ನು ಮುಚ್ಚಿಟ್ಟರು.

"ಗೇಟಿನ್ಯಾಗ ಕೆಲಸ ಮಾಡ್ತೀರಿ ಅಂದ್ರಲ್ಲ, ಒಂದು ಮಾತು ಕೇಳ್ತೀನಿ. ಮ್ಯಾಲಿನ ತೂಬು, ಕೆಳಗಿನ ತೂಬು ಎರಡೂ ಒಂದs ಹೊತ್ತಿನ್ಯಾಗ ಬಿಟ್ರ ಏನಾಗತೈತ್ರಿ?"

"ಮ್ಯಾಲಿನವರು ಎಳಕೋತಾರ್ರಿ, ಟೇಲೆಂಡಿಗೆ ಹನಿ ಹೋಗಂಗಿಲ್ರಿ" ಅಂದೆ.

"ನಿಮ್ಮ ಹೊಟ್ಟ್ಯಾಗೂ ಅದs ಆಗೇತಿ. ಕಬ್ಬಿಣ, ಕ್ಯಾಲ್ಸಿಯಂ, ಹಾಲು ಎಲ್ಲಾ ಕೂಡಿ ಈ ಗುಳಿಗಿಯನ್ನ ಹಿಡಕೊಂಡು ಬಿಡ್ತಾವ. ಅದು ರಕ್ತಕ್ಕ ಹೋಗೂದs ಇಲ್ಲ" ಅಂದರು.

ಮಲ್ಲೀ, ಒಂದು ಪಾಳಿಗೆ ಒಂದೇ ತೂಬು ಅಂತ ಈ ಗೇಟಿನ ಮೇಲೆ ನಿಂತು ಎಷ್ಟು ಜನರ ಹತ್ತಿರ ಕೊರಳಪಟ್ಟಿ ಹಿಡಿಸಿಕೊಂಡಿದ್ದೇನೆ. ಗೌಡರು ಬಂದು ಕೇಳಿದರೂ ಎರಡು ತೂಬು ಒಟ್ಟಿಗೆ ಎತ್ತಿದವನಲ್ಲ. ಅಂಥವನು ನನ್ನ ಹೊಟ್ಟೆಯಲ್ಲಿ ಏಳು ವಾರ ಎಲ್ಲ ತೂಬನ್ನೂ ಒಟ್ಟಿಗೆ ಎತ್ತಿಟ್ಟಿದ್ದೆ. ನನಗೆ ನಗು ಬಂತು. ಡಾಕ್ಟರಮ್ಮನೂ ನಕ್ಕರು.

ನಿನ್ನ ಡಬ್ಬಿಗಳ ಬಗ್ಗೆ ಬಿಡಿಸಿ ಕೇಳಿದೆ. ಇಷ್ಟು ದಿನ ಕೇಳಲು ಹೆದರಿದ್ದೆ. ಅವರು ಬೈಯಲಿಲ್ಲ. ನನ್ನ ರಕ್ತದಲ್ಲಿ ಕಬ್ಬಿಣ ಕಡಿಮೆ ಇದೆಯಂತೆ, ಅದಕ್ಕೆ ಕಬ್ಬಿಣದ ಗುಳಿಗೆ ಬೇಕು, ಆದರೆ ಸಂಜೆಗೆ. ಸಮುದ್ರದ ಪಾಚಿಯನ್ನು ಅವತ್ತೇ ಬಿಡಿಸಿದರು. ಅದರಲ್ಲಿ ಅಯೋಡಿನ್ ತುಂಬಾ, ನಮ್ಮ ಉಪ್ಪಿನಲ್ಲೇ ಬೇಕಾದಷ್ಟಿದೆ, ಮೇಲೆ ಮೇಲೆ ಸುರಿದರೆ ಸುಸ್ತಾದ ಗ್ರಂಥಿ ಇನ್ನೂ ಸುಸ್ತಾಗಬಹುದಂತೆ. ಪುಡಿ ಬರೀ ಆಹಾರ, ಬೇಕಿದ್ದರೆ ತಿನ್ನು, ಬೇಡವಾದರೆ ಬಿಡು ಅಂದರು. "ಗ್ರಂಥಿ ಮಾಡಬೇಕಾದ್ದನ್ನ ಈ ಗುಳಿಗಿ ಮಾಡತೈತ್ರಿ. ಡಬ್ಬಿ ತಿಂದ್ರ ಅದು ಎದ್ದು ಕೂಡಂಗಿಲ್ಲ" ಅಂದರು.

ಈಗ ಐದಕ್ಕೆ ಎದ್ದು, ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ ಆ ಒಂದು ಗುಳಿಗೆ. ಆರಕ್ಕೆ ಗೇಟು ಎತ್ತಿ ಆಮೇಲೆ ಚಹಾ. ಕಬ್ಬಿಣದ ಪಾಳಿ ಸಂಜೆ ಆರಕ್ಕೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಬೇಕಾದರೆ ಇನ್ನೊಂದು ಸಲ ಬರೆಯುತ್ತೇನೆ: ಸಿಟ್ಟಿಲ್ಲ.

ಬಸವಂತ್ರಾಯ


ಕಾಲುವೆ ಗೇಟು
25 ನವೆಂಬರ್ 2001

ಮಲ್ಲಿಗೆ ಆಶೀರ್ವಾದ.

ನಾಲ್ಕು ವಾರವಾಯಿತು, ನಿನ್ನ ಕಾಗದವಿಲ್ಲ. ಚನ್ನಯ್ಯನನ್ನು ಕೇಳಿದರೆ, "ಆಕಿ ಬಸ್‌ಸ್ಟ್ಯಾಂಡಿನ್ಯಾಗ ಕಂಡ್ಳು, ಮಾರಿ ತಿರುಗಿಸಿಕೊಂಡು ಹೋಗ್ಯಾಳ" ಅನ್ನುತ್ತಾನೆ. ನನ್ನಿಂದ ಏನಾದರೂ ಮಾತು ಹೆಚ್ಚು ಬಂತೇ?

ಸ್ವೆಟರ್ ತೆಗೆದಿಟ್ಟಿದ್ದೇನೆ. ಊರಿನವರೆಲ್ಲ ಸ್ವೆಟರ್ ಹಾಕುವ ಕಾಲದಲ್ಲಿ ನಾನು ತೆಗೆದಿದ್ದಕ್ಕೆ ನಿಮ್ಮವ್ವ ಮತ್ತೆ ನಗುತ್ತಿದ್ದಾಳೆ.

ಒಂದು ಸಾಲಾದರೂ ಬರಿ.

ಅಪ್ಪ


ಯಾದಗಿರಿ
14 ಡಿಸೆಂಬರ್ 2001

ಅಪ್ಪಾ,

ನಿನ್ನ ಮಾತು ಹೆಚ್ಚಾಗಿರಲಿಲ್ಲ. ನಿನಗೆ ಬರೆಯಲು ನನಗೆ ಮುಖವಿರಲಿಲ್ಲ.

ನಿನ್ನ ದೊಡ್ಡ ಕಾಗದ ಬಂದ ದಿನ ನಾನು ಶಾಲೆಯ ಆಫೀಸಿನಲ್ಲೇ ಅತ್ತೆ. ನೀನು ಗೇಟಿನ ಮೇಲೆ ಮಲಗಿದ್ದು ನನ್ನ ಕೈಯಿಂದ. ಆ ಏಳು ವಾರವೂ ನನ್ನ ಕೈಯಿಂದಲೇ. ನೀನು ಸಿಟ್ಟಿಲ್ಲ ಅಂತ ಎರಡು ಸಲ ಬರೆದದ್ದನ್ನು ಓದಿದರೆ ಇನ್ನೂ ಜಾಸ್ತಿ ಅಳು ಬರುತ್ತಿತ್ತು.

ಆಮೇಲೆ ಆ ಹನ್ನೊಂದು ಮನೆಗಳು ನೆನಪಾದವು. ನಿನ್ನ ಹೆಸರು ಹೇಳಿ ಕೊಟ್ಟ ಡಬ್ಬಿಗಳು. ಮೊದಲು ದೇವಿಂದ್ರನ ಮನೆಗೆ ಹೋದೆ. ಅವನ ತಾಯಿ ಗೋಡೆಗೆ ಒರಗಿ ಕೂತಿದ್ದರು, ನನ್ನನ್ನು ಗುರುತಿಸಲು ಹೊತ್ತು ಹಿಡಿಯಿತು. ದೇವಿಂದ್ರ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, "ಡಬ್ಬಿ ಮುಗದಾವ್ರಿ, ಹೊಸಾವು ತಂದೀರೇನ್ರಿ?" ಅಂದ. ನಾನು ಇರುವುದನ್ನು ಇದ್ದಂತೆ ಹೇಳಿದೆ. ನಮ್ಮಪ್ಪನಿಗೆ ಗುಣವಾಗಲಿಲ್ಲ, ಇನ್ನೂ ಕೆಟ್ಟಿತು, ನಾನು ತಿಳಿಯದೆ ಹೇಳಿದ್ದೆ ಅಂದೆ. ಅವನು ಜೋರಾಗಿಯೇ ಬೈದ, ಓಣಿಯವರೆಲ್ಲ ಹೊರಗೆ ಬಂದರು. ಬೈಯಲಿ ಅಂತ ನಿಂತುಕೊಂಡೆ. ಮರುದಿನ ಅವನ ಜೊತೆ ನಾನೇ ಅವನ ತಾಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗುಳಿಗೆ ಮತ್ತೆ ಶುರುವಾಗಿದೆ.

ಉಳಿದ ಹತ್ತು ಮನೆಗೂ ಹೋದೆ. ಇಬ್ಬರು ನಕ್ಕರು, ಒಬ್ಬರು ಬಾಗಿಲು ಹಾಕಿಕೊಂಡರು, ಮಿಕ್ಕವರು ಚಹಾ ಕೊಟ್ಟರು. ಹನ್ನೊಂದನೇ ಮನೆ ಮುಗಿಸಿದ ಮೇಲೆಯೇ ನಿನಗೆ ಕಾಗದ ಬರೆಯಬೇಕು ಅಂದುಕೊಂಡಿದ್ದೆ. ನಿನ್ನೆ ಮುಗಿಯಿತು. ಏಜೆಂಟ್ ಕೆಲಸ ಬಿಟ್ಟಿದ್ದೇನೆ. ಹಾಜರಿ ಪಟ್ಟಿ ಅಷ್ಟೇನೂ ಬೇಸರವಲ್ಲ ಅಂತ ಈಗ ಅನ್ನಿಸುತ್ತದೆ.

ಒಂದೇ ಭಯ ಉಳಿದಿದೆ. ಹಿಂಗಾರಿಯ ಪಾಳಿ ಶುರುವಾಗಿದೆ. ಗೇಟು ನಿನ್ನದಾಗಿಯೇ ಉಳಿಯಬೇಕು ಅಪ್ಪಾ. ಅದು ಹೋದರೆ ನಾನು ಕಕ್ಕೇರಾಕ್ಕೆ ಯಾವ ಮುಖ ಹೊತ್ತು ಬರಲಿ?

ಮಲ್ಲಿ


ಕಾಲುವೆ ಗೇಟು
3 ಮಾರ್ಚ್ 2002

ಮಲ್ಲಿಗೆ ಆಶೀರ್ವಾದ.

ಬೆಳಿಗ್ಗೆ ಹತ್ತು. ನೀರು ಎರಡು ಅಡಿ ಎರಡು ಅಂಗುಲ. ಗುಳಿಗೆ ಐದಕ್ಕೆ ಆಗಿದೆ.

ಹೋದ ತಿಂಗಳ ರಕ್ತದ ಚೀಟಿಯಲ್ಲಿ ನಾಲ್ಕು ಬಂದಿದೆ. ಡಾಕ್ಟರಮ್ಮ ಚೀಟಿಯನ್ನು ನನಗೇ ತಿರುಗಿಸಿ ತೋರಿಸಿದರು. "ಗುಳಿಗಿ ಬಿಡೂದೇನ್ರಿ ಇನ್ನ?" ಅಂತ ಸುಮ್ಮನೆ ಕೆಣಕಿದೆ. "ಗೇಟಿಗೆ ಗ್ರೀಸ್ ಹಚ್ಚೂದು ಬಿಡ್ತೀರೇನು?" ಅಂದರು. ಬಾಯಿ ಮುಚ್ಚಿಕೊಂಡು ಬಂದೆ. ಸಾಯುವ ತನಕ ಅಂದರೆ ಸಾಯುವ ತನಕ. ದಿನಕ್ಕೆ ಒಂದು ಗುಟುಕು ನೀರಿನ ಕೆಲಸ, ಅಷ್ಟೇ.

ಮೊನ್ನೆ ಗುರುವಾರ ಟೇಲೆಂಡಿನವರ ಪಾಳಿ. ಇಂಜಿನಿಯರ್ ಸಾಹೇಬರು ಹೇಳದೆ ಕೇಳದೆ ಜೀಪಿನಲ್ಲಿ ಬಂದು ಗೇಟಿನ ಹತ್ತಿರ ನಿಂತರು. ನನ್ನನ್ನು ನೋಡಲೆಂದೇ ಬಂದಿದ್ದರು, ನನಗೂ ಗೊತ್ತು. ಹನ್ನೆರಡಕ್ಕೆ ಸರಿಯಾಗಿ ಮೇಲಿನ ತೂಬು ಮುಚ್ಚಿದೆ, ಕೆಳಗಿನದು ಎತ್ತಿದೆ. ಕೂಗಬೇಕಿತ್ತು. ವರ್ಷವಾಗಿತ್ತು ಮಲ್ಲೀ, ನಾನು ಕೂಗಿ. ಇಷ್ಟು ದಿನ ಮೊದಲ ಹೊಲದವನ ಹತ್ತಿರ ನಡೆದು ಹೋಗಿ ಹೇಳುತ್ತಿದ್ದೆ, ಅವನು ಮುಂದಕ್ಕೆ ಕೂಗುತ್ತಿದ್ದ. ಗಂಟಲು ಒಡೆದು ಇವರ ಮುಂದೆ ಮಾನ ಹೋದರೆ ಏನು ಮಾಡಲಿ ಅಂತ ಹೆದರಿದೆ. ನಿಮ್ಮವ್ವ ಗೇಟಿನ ಕೋಣೆಯ ಬಾಗಿಲಲ್ಲಿ ನಿಂತು, "ಕೂಗು, ನಾ ಅದೀನಿ" ಅಂದಳು. ಅವಳಿದ್ದು ನನ್ನ ಗಂಟಲಿಗೆ ಏನು ಮಾಡುತ್ತಾಳೋ ತಿಳಿಯದು. ಕೂಗಿದೆ.

"ಬಿಟ್ಟೇನ್ರೋ!"

ಮೊದಲ ಹೊಲದವನು ಹೆದರಿ ಎದ್ದು ನಿಂತ. ಆಮೇಲೆ ಅವನು ಕೂಗಿದ, ಅವನ ಮುಂದಿನವನು ಕೂಗಿದ, ಕೂಗು ದೂರ ದೂರ ಹೋಗಿ ಕೇಳದಾಯಿತು. ಸಾಹೇಬರು ಗಡಿಯಾರ ನೋಡಿಕೊಂಡು ಕಟ್ಟೆಯ ಮೇಲೆ ಕೂತರು. ನಿಮ್ಮವ್ವ ಚಹಾ ಕೊಟ್ಟಳು. ಒಂದು ತಾಸು, ಒಂದೂಕಾಲು ತಾಸು. ಆಮೇಲೆ ಕೆಳಗಿನಿಂದ ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹತ್ತಿ ಬಂತು: "ಮುಟ್ಟೇತ್ರೋ, ಖಾಸಿಂಬೀ ಹೊಲಕ್ಕ ಮುಟ್ಟೇತ್ರೋ!"

ಸಾಹೇಬರು ರಿಜಿಸ್ಟರ್ ಕೇಳಿ ತೆಗೆದುಕೊಂಡರು. "ಕೊನೆಯವರೆಗೆ ನೀರು ತಲುಪಿದೆ. ಲಸ್ಕರ್ ಬದಲಾವಣೆ ಅಗತ್ಯವಿಲ್ಲ" ಅಂತ ಬರೆದು ಸಹಿ ಹಾಕಿದರು. ಆ ಹಾಳೆಯನ್ನು ನಾನು ಇವತ್ತು ಬೆಳಿಗ್ಗೆಯೂ ಒಂದು ಸಲ ತೆಗೆದು ನೋಡಿದೆ.

ನಿನ್ನ ಡಬ್ಬಿಗಳನ್ನು ಎಸೆದಿಲ್ಲ. ಮುಚ್ಚಳ ಬಿಗಿ ಇದೆ, ಒಂದರಲ್ಲಿ ಗ್ರೀಸ್ ತುಂಬಿದ್ದೇನೆ. ನೀನು ಹನ್ನೊಂದು ಬಾಗಿಲು ತಟ್ಟಿದ್ದನ್ನು ಓದಿ ನಿಮ್ಮವ್ವನಿಗೆ ಹೇಳಿದೆ. "ಅಪ್ಪನಂಗs ಹಟಮಾರಿ" ಅಂದು ಒಳಗೆ ಹೋಗಿ ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಮುಖ ಯಾವುದಾದರೂ ಇರಲಿ, ಹೊತ್ತುಕೊಂಡು ಊರಿಗೆ ಬಾ. ಖಾಸಿಂಬೀ ನಿನಗೆ ಅಂತ ಒಂದು ಚೀಲ ಕೆಂಪು ಮೆಣಸಿನಕಾಯಿ ಎತ್ತಿಟ್ಟಿದ್ದಾಳೆ.

ಅಪ್ಪ ಬಸವಂತ್ರಾಯ


ಯಾದಗಿರಿ
7 ಮಾರ್ಚ್ 2002
(ಅಂಚೆ ಕಾರ್ಡು)

ಅಪ್ಪಾ,

ನಿನ್ನ ಕಾಗದವನ್ನು ಆಫೀಸಿನಲ್ಲೇ ಒಡೆದು ಓದಿದೆ. ನಿನ್ನ ಕೂಗಿನ ಸಾಲು ಬಂದ ಕೂಡಲೇ ನನಗೇ ತಿಳಿಯದೆ "ಮುಟ್ಟೇತ್ರೋ!" ಅಂತ ಕೂಗಿಬಿಟ್ಟೆ. ಹೆಡ್‌ಮಿಸ್ ಚೇರು ಬಿಟ್ಟು ಓಡಿ ಬಂದರು, ಏನು ಮುಟ್ಟಿತು ಅಂತ. ನಮ್ಮಪ್ಪನ ನೀರು ಅಂದೆ. ದೇವಿಂದ್ರನ ತಾಯಿ ನಿನ್ನೆ ನನ್ನನ್ನು ಹೆಸರು ಹಿಡಿದು ಕರೆದರು.

ಶನಿವಾರ ಚನ್ನಯ್ಯನ ಬಸ್ಸಿಗೆ ಬರುತ್ತೇನೆ. ಅವ್ವನಿಗೆ ಹೇಳು.

ಮಲ್ಲಿ